ಮೊದಲ ಡರ್ಟ್ ಬೈಕ್, ಅದೂ ಸೆಕೆಂಡ್ ಹ್ಯಾಂಡ್

ನಾನು ಡರ್ಟ್ ಬೈಕ್ ತಗೊಳ್ತೀನಿ ಅಂದಾಗ ಬಂದ ಸಲಹೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇದ್ದವು. "ಸಣ್ಣದು ತಗೋಬೇಡ, ಬೇಗ ಬೋರ್ ಹೊಡೆಯುತ್ತೆ. ಒಂದೇ ಸಲ 450 ಸಿಸಿದು ತಗೊಂಡುಬಿಡು." ಹೀಗೆ ಹೇಳಿದವರಲ್ಲಿ ಯಾರೂ ಮಣ್ಣಿನಲ್ಲಿ 450 ಓಡಿಸಿದವರಲ್ಲ. ಓಡಿಸಿದ್ದವರು ಒಬ್ಬರೇ, ನನ್ನ ಅಕ್ಕನ ಗಂಡ. ಅವರು ಹೇಳಿದ್ದು ಪೂರ್ತಿ ಉಲ್ಟಾ: "ನೋಡಮ್ಮ, ಬೋರ್ ಹೊಡೆಸೋ ಬೈಕೇ ಹುಡುಕೋಣ. ಅದ್ರಲ್ಲೇ ನೀನು ಕಲಿಯೋದು."

ಡರ್ಟ್ ಬೈಕ್ ಅಂದರೆ ಎಲ್ಲ ಒಂದೇ ಅಲ್ಲ. ನೋಡೋಕೆ ಎಲ್ಲವೂ ಎತ್ತರದ ಸೀಟು, ಗುಬಟು ಗುಬಟಾದ ಟೈರು, ಕೊಕ್ಕಿನಂಥ ಮಡ್‌ಗಾರ್ಡು. ಒಳಗೆ ಮಾತ್ರ ಎರಡು ಬೇರೆ ಜಾತಿ. ಮೋಟೋಕ್ರಾಸ್ ಬೈಕ್ ರೇಸಿಗೆಂದೇ ಮಾಡಿದ್ದು. ಹಗುರ, ಸಿಕ್ಕಾಪಟ್ಟೆ ಪವರ್, ಮೂವತ್ತೇಳು-ಮೂವತ್ತೆಂಟು ಇಂಚು ಎತ್ತರದ ಸೀಟು. ಆಕ್ಸಲರೇಟರ್ ಸ್ವಲ್ಪ ಜಾಸ್ತಿ ತಿರುಗಿದರೆ ಬೈಕ್ ಮುಂದೆ, ನಾವು ಹಿಂದೆ. ಅದರ ಎಂಜಿನ್ ಕೆಲಸವನ್ನು ಕಿಲೋಮೀಟರಿನಲ್ಲಿ ಅಲ್ಲ, ಗಂಟೆಗಳಲ್ಲಿ ಲೆಕ್ಕ ಹಾಕುತ್ತಾರೆ. ಇಷ್ಟು ಗಂಟೆಗೆ ಆಯಿಲ್, ಇಷ್ಟು ಗಂಟೆಗೆ ವಾಲ್ವ್ ಚೆಕ್, ಇಷ್ಟು ಗಂಟೆಗೆ ಹೊಸ ಪಿಸ್ಟನ್. ಹಿಂದಿನ ಓನರ್ ಆ ಲೆಕ್ಕ ಇಟ್ಟಿಲ್ಲ ಅಂದರೆ ಆ ಸಾಲ ನಮ್ಮ ತಲೆಗೆ ಬರುತ್ತದೆ.

ಟ್ರೇಲ್ ಬೈಕ್ ಹಾಗಲ್ಲ. ಗಾಳಿಯಿಂದ ತಣ್ಣಗಾಗುವ ಸಾದಾ ಎಂಜಿನ್. ರೇಡಿಯೇಟರ್ ಇಲ್ಲ, ಬಿದ್ದರೆ ಒಡೆಯುವ ಪೈಪಿಲ್ಲ. ಆಯಿಲ್ ಬದಲಿಸಿ, ಏರ್ ಫಿಲ್ಟರ್ ತೊಳೆದು, ಆಗಾಗ ವಾಲ್ವ್ ಗ್ಯಾಪ್ ನೋಡಿಕೊಂಡರೆ ವರ್ಷಗಟ್ಟಲೆ ಓಡುತ್ತದೆ. ಪವರ್ ಕಮ್ಮಿ, ಸಸ್ಪೆನ್ಷನ್ ಮೆತ್ತಗೆ, ತೂಕ ಸ್ವಲ್ಪ ಜಾಸ್ತಿ. ಕಲಿಯುವವರಿಗೆ ಇದರಲ್ಲಿ ಯಾವುದೂ ಕೊರತೆ ಅಲ್ಲ.

ಹುಡುಕುವಾಗ ನಮ್ಮ ಪಟ್ಟಿಯಲ್ಲಿ ಇದ್ದವು ಕೆಲವೇ. ಹೋಂಡಾ ಸಿಆರ್‌ಎಫ್230ಎಫ್. ಇದು 2003ರಲ್ಲಿ ಬಂದದ್ದು, 2019ರಲ್ಲಿ ಇದರ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಇರುವ ಸಿಆರ್‌ಎಫ್250ಎಫ್ ಬಂತು. ಯಮಹಾ ಟಿಟಿ-ಆರ್230, ಅದರ ತಮ್ಮ ಟಿಟಿ-ಆರ್125. ಕವಾಸಕಿ ಕೆಎಲ್‌ಎಕ್ಸ್140. ಹೋಂಡಾ ಸಿಆರ್‌ಎಫ್125ಎಫ್‌ನಲ್ಲಿ ದೊಡ್ಡ ಚಕ್ರದ ಮಾದರಿ. ನನ್ನ ಎತ್ತರ 5 ಅಡಿ 3 ಇಂಚು. 230ಗಳ ಸೀಟು ಹತ್ತಿರ ಹತ್ತಿರ 34 ಇಂಚು, ತೂಕ 110 ಕೆಜಿ ದಾಟುತ್ತದೆ. ಎರಡೂ ಕಾಲು ಪೂರ್ತಿ ಊರೋಕೆ ಆಗಲ್ಲ, ತುದಿಬೆರಳು ತಾಗುತ್ತದೆ ಅಷ್ಟೇ. ದೊಡ್ಡ ಚಕ್ರದ ಟಿಟಿ-ಆರ್125ರಲ್ಲೂ ಕೆಎಲ್‌ಎಕ್ಸ್140ಎಲ್ ಮಾದರಿಯಲ್ಲೂ ಸೀಟು 32 ಇಂಚಿನ ಆಸುಪಾಸು. ಆ ಎರಡು ಇಂಚಿನ ಬೆಲೆ ಗೊತ್ತಾಗಬೇಕಾದರೆ ಏರಿನಲ್ಲಿ ಎಂಜಿನ್ ಆಫ್ ಆಗಬೇಕು, ಕಾಲಿಟ್ಟ ಜಾಗದಲ್ಲಿ ನೆಲ ಇರಬಾರದು. ಕಾಲು ಊರೋದೇ ದೊಡ್ಡ ವಿಷಯ ಅಲ್ಲ, ಅನುಭವ ಇರುವವರು ಒಂದು ಕಾಲಲ್ಲೇ ನಿಭಾಯಿಸುತ್ತಾರೆ ಅನ್ನೋದು ನಿಜ. ಆದರೆ ಮೊದಲ ವರ್ಷದಲ್ಲಿ ಧೈರ್ಯ ಬರೋದು ನೆಲ ಸಿಕ್ಕಾಗಲೇ.

ಇನ್ನು ಜಾಹೀರಾತುಗಳು. ಓದೋಕೆ ಮಜಾ ಇರುತ್ತದೆ. "ಕಾರ್ಬ್ ಕ್ಲೀನ್ ಮಾಡಿದ್ರೆ ಸಾಕು, ಓಡುತ್ತೆ" ಅಂತ ಬರೆದಿರುತ್ತಾರೆ. ಕಾರ್ಬ್ ಅಂದರೆ ಕಾರ್ಬ್ಯುರೇಟರ್, ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಅಷ್ಟೇ ಕೆಲಸ ಆಗಿದ್ದರೆ ಅದನ್ನು ಮಾಡಿಸಿ ಒಳ್ಳೇ ರೇಟಿಗೆ ಮಾರಬಹುದಿತ್ತಲ್ವಾ? "ಎಂಜಿನ್ ಫುಲ್ ರಿಬಿಲ್ಡ್" ಅಂದವರ ಹತ್ತಿರ ಬಿಲ್ ಕೇಳಿ. ಬಿಲ್ ಇಲ್ಲ, ಫೋಟೋ ಇಲ್ಲ, ಮಾಡಿದ ಮೆಕ್ಯಾನಿಕ್ ಯಾರು ಅಂತಲೂ ಗೊತ್ತಿಲ್ಲ ಅಂದರೆ ರಿಬಿಲ್ಡ್ ಆಗಿಲ್ಲ ಅಂತಲೇ ಬೆಲೆ ಕಟ್ಟಿ. ಹೊಸ ಪ್ಲಾಸ್ಟಿಕ್, ಹೊಸ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಇಡೀ ಬೈಕಿನಲ್ಲಿ ಕಡಿಮೆ ಖರ್ಚಿನಲ್ಲಿ ಹೊಸದಾಗುವುದು ಅದೊಂದೇ.

ನಾನು ಫೋನಿನಲ್ಲಿ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ: "ನಾವು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ." ಹೋದ ಕೂಡಲೇ ಮೊದಲ ಕೆಲಸ ಎಂಜಿನ್ ಮೇಲೆ ಅಂಗೈ ಇಡೋದು. ಬೆಚ್ಚಗಿದ್ದರೆ ಯಾಕೆ ಅಂತ ಕೇಳೋದು. ಬಿಸಿ ಎಂಜಿನ್ ತನ್ನ ಎಷ್ಟೋ ಕಾಯಿಲೆ ಮುಚ್ಚಿಡುತ್ತದೆ. ತಣ್ಣಗಿರುವಾಗ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಎಲ್ಲ ಹೊರಗೆ ಬರುತ್ತದೆ. ಸ್ಟಾರ್ಟ್ ಆದ ಕೂಡಲೇ ನೀಲಿ ಹೊಗೆ ಬಂದು, ಆಮೇಲೆ ಆ ಹೊಗೆ ನಿಂತುಹೋದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಆಕ್ಸಲರೇಟರ್ ಕೊಟ್ಟಷ್ಟೂ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಬಿಸಿಯಾದ ಮೇಲೂ ಚೋಕ್ ಇಲ್ಲದೆ ಎಂಜಿನ್ ಓಡ್ತಾ ಇರಲ್ಲ, ಆಫ್ ಆಗುತ್ತೆ ಅಂದರೆ ಹೆಚ್ಚಾಗಿ ಕಾರ್ಬ್ಯುರೇಟರಿನ ಪೈಲಟ್ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿಕೊಂಡಿರುತ್ತದೆ. ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿ ಸುಮ್ನೆ ನಿಲ್ಲಿಸಿದರೆ ಹೀಗಾಗುತ್ತದೆ. ಇದು ಬಿಟ್ಟು ಬರುವಂಥ ದೋಷ ಅಲ್ಲ, ಚೌಕಾಸಿಗೆ ಸಿಕ್ಕ ಕಾರಣ.

230ಗಳಲ್ಲಿ ಇನ್ನೊಂದು ವಿಷಯ ಇದೆ. ಸಿಆರ್‌ಎಫ್230ಎಫ್‌ಗೂ ಟಿಟಿ-ಆರ್230ಗೂ ಕಂಪನಿಯಿಂದ ಬರುವಾಗ ಕಿಕ್ಕರ್ ಇರಲ್ಲ, ಬರೀ ಸೆಲ್ಫ್. "ಬ್ಯಾಟರಿ ಡೌನ್ ಆಗಿದೆ, ಅದಕ್ಕೆ ಸ್ಟಾರ್ಟ್ ಆಗ್ತಿಲ್ಲ" ಅಂತ ಒಬ್ಬ ಹುಡುಗ ಹೇಳಿದ. ಇರಬಹುದು. ಆದರೆ ಬ್ಯಾಟರಿ ತಂದು ಹಾಕುವ ತನಕ ಅದು ಓಡುವ ಬೈಕ್ ಅಂತ ನಂಬೋಕೆ ಏನು ಆಧಾರ? ಗೇರಿಗೆ ಹಾಕಿ ತಳ್ಳಿ ನೋಡೋಣ ಅಂದೆ. ಒಪ್ಪಲಿಲ್ಲ. ವಾಪಸ್ ಬಂದೆವು.

ರೋಡ್ ಬೈಕ್ ಆದರೆ "ಎಷ್ಟು ಓಡಿದೆ?" ಅಂತ ಕೇಳಿ ಮೀಟರ್ ನೋಡಬಹುದು. ಇವುಗಳಲ್ಲಿ ಬಹುಪಾಲಿಗೆ ಮೀಟರೇ ಇಲ್ಲ. ಹಾಗಾಗಿ ಸವೆತ ಓದೋದು ಕಲಿಯಬೇಕು. ಭಾವ ಮೊದಲು ನೋಡುತ್ತಿದ್ದುದು ಬೂಟು ಉಜ್ಜುವ ಜಾಗಗಳನ್ನು. ಕಾಲ್ಮಣಿಕಟ್ಟಿನ ಹತ್ತಿರ ಫ್ರೇಮಿನ ಪೇಂಟ್ ಹೋಗಿ ಲೋಹ ಹೊಳೆಯುತ್ತಿದೆಯಾ? ಕ್ಲಚ್ ಕವರಿನ ಬಣ್ಣ ಅಳಿಸಿದೆಯಾ? ಫುಟ್‌ರೆಸ್ಟಿನ ಹಲ್ಲು ಚೂಪಾಗಿದೆಯಾ, ಇಲ್ಲಾ ಮೊಂಡಾಗಿದೆಯಾ? "ಎರಡು ಮೂರು ಸಲ ಓಡಿಸಿದ್ದು ಅಷ್ಟೇ ಸಾರ್" ಅಂತ ಬಾಯಿ ಹೇಳುತ್ತಿರುವಾಗ ಫುಟ್‌ರೆಸ್ಟ್ ಬೇರೆ ಕಥೆ ಹೇಳುತ್ತಿರುತ್ತದೆ.

ಕೊನೆಗೆ ತಗೊಂಡ ಟಿಟಿ-ಆರ್125 ಒಬ್ಬ ಹಿರಿಯರ ಮನೆಯ ಶೆಡ್ಡಿನಲ್ಲಿತ್ತು. ಮಗ ಓಡಿಸುತ್ತಿದ್ದದ್ದು. ಅವನು ಎತ್ತರ ಬೆಳೆದು ದೊಡ್ಡ ಬೈಕಿಗೆ ಹೋಗಿದ್ದ. ಪ್ಲಾಸ್ಟಿಕ್ಕೆಲ್ಲ ಗೀರು, ಸೀಟಿನ ಮೂಲೆ ಹರಿದಿತ್ತು. ಫೋಟೋ ನೋಡಿ ಬೇಡ ಅನ್ನುವಂಥದ್ದೇ. ಭಾವ ಮಾತ್ರ ಶೆಡ್ಡಿನ ಗೋಡೆ ನೋಡುತ್ತಾ ನಿಂತರು. ಅಲ್ಲಿ ಮೊಳೆಗೆ ಎರಡು ಏರ್ ಫಿಲ್ಟರ್ ನೇತುಹಾಕಿದ್ದರು, ತೊಳೆದು ಒಣಗೋಕೆ.

"ಸೈಡ್ ಕವರ್ ಬಿಚ್ಬೋದಾ?" ಅಂತ ಕೇಳಿದೆ. "ಧಾರಾಳವಾಗಿ ಬಿಚ್ಚಮ್ಮ" ಅಂದರು ಆ ಹಿರಿಯರು. ಫಿಲ್ಟರ್ ಹೊರಗೆ ತೆಗೆದೆ. ಸ್ಪಂಜಿನ ಫಿಲ್ಟರ್, ಎಣ್ಣೆ ಅಂಟಂಟಾಗಿ ಒಂದೇ ಸಮ ಹರಡಿತ್ತು. ಹೊರಮೈಯಲ್ಲಿ ಧೂಳಿತ್ತು, ಒಳಮೈ ಸ್ವಚ್ಛ. ಅಷ್ಟು ಸಾಲದು ಅಂತ ಭಾವ ಬಿಳಿ ಬಟ್ಟೆ ಕೈಗೆ ಕೊಟ್ಟರು. ಬೆರಳಿಗೆ ಸುತ್ತಿಕೊಂಡು ಫಿಲ್ಟರಿನ ಹಿಂದೆ ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ಕೊಳವೆಯ ಒಳಗೆ ಒಂದು ಸುತ್ತು ಒರೆಸಿದೆ. ಬಟ್ಟೆ ಮೇಲೆ ತೆಳ್ಳಗೆ ಎಣ್ಣೆ ಕಲೆ, ಮಣ್ಣಿನ ಒಂದು ಕಣವೂ ಇಲ್ಲ. ಅಲ್ಲಿ ಮರಳು ಸಿಕ್ಕಿದ್ದರೆ ಫಿಲ್ಟರ್ ದಾಟಿ ಧೂಳು ಎಂಜಿನ್ನಿಗೆ ಹೋಗಿದೆ ಅಂತ ಅರ್ಥ. ಆ ಧೂಳು ಸಿಲಿಂಡರನ್ನೂ ರಿಂಗನ್ನೂ ಉಪ್ಪುಕಾಗದದ ಹಾಗೆ ಉಜ್ಜಿಹಾಕುತ್ತದೆ. ಮಾರುವ ಹಿಂದಿನ ದಿನ ಫಿಲ್ಟರ್ ಹೊಸದು ಹಾಕಬಹುದು. ಕೊಳವೆಯ ಒಳಗೆ ಕೈ ಹಾಕಿ ಒರೆಸುವವರು ಅಪರೂಪ.

ಆಮೇಲೆ ನೋಡಿದ್ದೆಲ್ಲ ಮಾಮೂಲಿ. ಆದರೂ ಬಿಡಬಾರದು. ಹಿಂದಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಅದರ ಹಿಂಬದಿಯಲ್ಲಿ ಚೈನನ್ನು ಹಿಡಿದು ಎಳೆದರೆ ಹಲ್ಲು ಅರ್ಧಕ್ಕಿಂತ ಜಾಸ್ತಿ ಕಾಣಬಾರದು. ಹಲ್ಲುಗಳು ಒಂದು ಕಡೆಗೆ ಕೊಕ್ಕೆಯಾಗಿ ಬಾಗಿದ್ದರೆ ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೆ ಬದಲಿಸಬೇಕು. ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಹಿಂದಿನ ಚಕ್ರ ಹಿಡಿದು ಅಕ್ಕಪಕ್ಕ ಅಲುಗಿಸಿದರೆ ಟಕ್ ಅನ್ನಬಾರದು. ಟಕ್ ಅಂದರೆ ವೀಲ್ ಬೇರಿಂಗೋ, ಹಿಂದಿನ ಚಕ್ರ ಹಿಡಿದಿರುವ ತೋಳಿನ (ಸ್ವಿಂಗ್ ಆರ್ಮ್) ಬೇರಿಂಗೋ ಹೋಗಿದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ. ಮಧ್ಯದಲ್ಲಿ ಹಳ್ಳಕ್ಕೆ ಕೂತ ಹಾಗೆ ನಿಂತರೆ ಸ್ಟೀರಿಂಗ್ ಬೇರಿಂಗ್ ಕೆಲಸ ಇದೆ. ಸ್ಪೋಕ್‌ಗಳಿಗೆ ಸ್ಪ್ಯಾನರಿನಲ್ಲಿ ಒಂದೊಂದಾಗಿ ತಟ್ಟಿ. ಬಿಗಿ ಇದ್ದದ್ದು ಟಣ್ ಅನ್ನುತ್ತದೆ, ಸಡಿಲ ಇದ್ದದ್ದು ಡಬ್ ಅನ್ನುತ್ತದೆ.

ಟಾರ್ಚ್ ಹಿಡಿದು ನೋಡಲೇಬೇಕಾದ ಜಾಗ ಎರಡು. ಒಂದು, ಮುಂದಿನ ಸ್ಪ್ರಾಕೆಟ್‌ನ ಹಿಂದೆ ಎಂಜಿನ್ ಕೇಸ್. ಚೈನ್ ತುಂಡಾಗಿ ಅಲ್ಲಿ ಸುತ್ತಿಕೊಂಡರೆ ಕೇಸ್ ಬಿರುಕು ಬಿಡುತ್ತದೆ. ವೆಲ್ಡಿಂಗ್ ಅಥವಾ ಎಂ-ಸೀಲ್ ಥರದ್ದೇನಾದರೂ ಮೆತ್ತಿದ್ದು ಕಂಡರೆ ಟಾರ್ಚ್ ಆಫ್ ಮಾಡಿ ನಮಸ್ಕಾರ ಹೇಳಿ. ಇನ್ನೊಂದು, ಆಯಿಲ್ ಡ್ರೈನ್ ಬೋಲ್ಟ್. ಅಲ್ಯೂಮಿನಿಯಂ ಕೇಸಿನಲ್ಲಿ ಅತಿಯಾಗಿ ಬಿಗಿದು ಥ್ರೆಡ್ ತಿಂದುಹಾಕಿರುತ್ತಾರೆ.

ಮುಂದಿನ ಫೋರ್ಕ್ ಒಂದರಲ್ಲಿ ಎಣ್ಣೆ ಜಿನುಗಿತ್ತು. ನಾನು ಮುಖ ಸಣ್ಣ ಮಾಡಿದೆ. ಭಾವ ತಲೆ ಕೆಡಿಸಿಕೊಳ್ಳಲಿಲ್ಲ. "ಸೀಲ್ ಕೆಳಗೆ ಮಣ್ಣು ಸಿಕ್ಕಿದ್ರೂ ಹೀಗೇ ಆಗುತ್ತೆ. ತೆಳ್ಳನೆ ಪ್ಲಾಸ್ಟಿಕ್ ಹಾಳೆ ತೂರಿಸಿ ಸುತ್ತ ಎಳೆದ್ರೆ ಎಷ್ಟೋ ಸಲ ನಿಲ್ಲುತ್ತೆ. ನಿಲ್ಲದಿದ್ರೆ ಸೀಲ್ ಬದಲಿಸೋದು." ಅದನ್ನೇ ಬೆಲೆ ಮಾತಾಡುವಾಗ ಹೇಳಿದೆವು. ಆ ಹಿರಿಯರೂ ಒಪ್ಪಿದರು.

ಕಾಗದದ ವಿಷಯಕ್ಕೆ ಬೇಜಾರು ಅಂತ ತುಂಬಾ ಜನ ಕಣ್ಣು ಮುಚ್ಚಿಕೊಳ್ಳುತ್ತಾರೆ. ರೋಡಿಗೆ ಇಳಿಯದ ಬೈಕುಗಳಿಗೆ ಎಷ್ಟೋ ಕಡೆ ನೋಂದಣಿಯೇ ಇರಲ್ಲ. ಕದ್ದ ಮಾಲು ಕೈ ಬದಲಾಯಿಸೋಕೆ ಅದೇ ಅನುಕೂಲ. ಹ್ಯಾಂಡಲ್ ಕೂರುವ ಫ್ರೇಮಿನ ಮುಂಭಾಗದಲ್ಲಿ (ಸ್ಟೀರಿಂಗ್ ಹೆಡ್) ಒತ್ತಿದ ಫ್ರೇಮ್ ನಂಬರ್ ಓದಿ. ಗ್ರೈಂಡರ್ ಹೊಡೆದ ಗುರುತು, ಆ ಜಾಗದಲ್ಲಿ ಮಾತ್ರ ಹೊಸ ಪೇಂಟ್ ಇದ್ದರೆ ಬೆಲೆ ಕೇಳೋದೂ ಬೇಡ. ಮೊದಲ ಖರೀದಿಯ ಬಿಲ್ ಇದ್ದರೆ ನಂಬರ್ ತಾಳೆ ನೋಡಿ. ಉತ್ತರ ಅಮೆರಿಕದ ಮಾರುಕಟ್ಟೆಗೆ ಬಂದ ಬೈಕ್ ಆದರೆ 17 ಅಕ್ಷರಗಳ ಆ ನಂಬರಿನಲ್ಲಿ ಹತ್ತನೆಯದು ಮಾಡೆಲ್ ವರ್ಷ ಹೇಳುತ್ತದೆ. 2009ಕ್ಕೆ 9, 2010ಕ್ಕೆ ಎ, 2011ಕ್ಕೆ ಬಿ, ಹೀಗೆ ಮುಂದಕ್ಕೆ. ಮಾರುವವರು ಹೇಳಿದ ವರ್ಷಕ್ಕೂ ಇದಕ್ಕೂ ಹೊಂದದಿದ್ದದ್ದನ್ನು ನಾನೇ ನೋಡಿದ್ದೇನೆ. ಮರೆತು ಹೇಳಿದ್ದರೋ ಬೇಕಂತಲೇ ಹೇಳಿದ್ದರೋ, ಆ ಬೈಕ್ ಬಿಟ್ಟೆ. ನಮ್ಮ ಬೈಕಿನ ಬಿಲ್ಲನ್ನು ಹಿರಿಯರು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಇಟ್ಟಿದ್ದರು, ಜೊತೆಗೆ ಓನರ್ಸ್ ಮ್ಯಾನುಯಲ್. ಮಾರಾಟದ ಚೀಟಿಗೆ ಇಬ್ಬರೂ ಸಹಿ ಹಾಕಿದೆವು, ಅದರಲ್ಲಿ ಫ್ರೇಮ್ ನಂಬರ್, ಎಂಜಿನ್ ನಂಬರ್, ತಾರೀಕು ಬರೆದೆವು.

ಒಂದು ವಿಷಯ ಮಾತ್ರ ದುಡ್ಡು ಎಣಿಸುವ ಮೊದಲೇ ಯೋಚಿಸಿ. ಹೆಲ್ಮೆಟ್, ಬೂಟು, ಮೊಣಕಾಲಿನ ಗಾರ್ಡ್, ಗಾಗಲ್, ಗ್ಲೌಸ್, ಇವುಗಳ ದುಡ್ಡು ಬೇರೆ ಎತ್ತಿಟ್ಟು ಉಳಿದದ್ದು ಬೈಕಿಗೆ. ಬೈಕ್ ಸೆಕೆಂಡ್ ಹ್ಯಾಂಡ್ ಇರಲಿ, ಹೆಲ್ಮೆಟ್ ಬೇಡ. ಒಂದು ಸಲ ಬಿದ್ದ ಹೆಲ್ಮೆಟ್ಟಿನ ಒಳಗಿನ ಫೋಮ್ ಕುಗ್ಗಿರುತ್ತದೆ, ಹೊರಗಿಂದ ಕಾಣಲ್ಲ.

ತಂದ ಮೇಲೆ ಮೊದಲು ಆಯಿಲ್ ಬದಲಿಸಿದೆವು, ಹಿಂದಿನವರು ನಿನ್ನೆಯೇ ಹಾಕಿದ್ದರೂ ಸರಿ. ಬಂದ ಹಳೇ ಎಣ್ಣೆಯನ್ನು ಬೆಳಕಿಗೆ ಹಿಡಿದು ಲೋಹದ ಚೂರು ಹೊಳೆಯುತ್ತದಾ ಅಂತ ನೋಡಿದೆವು, ಇರಲಿಲ್ಲ. ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಟ್ಟೆವು. ಕ್ಲಚ್, ಬ್ರೇಕ್ ಲಿವರ್‌ಗಳನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ ನನ್ನ ಬೆರಳಿಗೆ ಸಿಗುವ ಹಾಗೆ ಮಾಡಿಕೊಂಡೆ. ಫೋರ್ಕ್ ಸೀಲ್ ಕೆಳಗಿಂದ ಹಾಳೆ ಎಳೆದಾಗ ಕಪ್ಪು ಮಣ್ಣು ಬಂತು, ಜಿನುಗುವುದು ನಿಂತಿದೆ. ಹಿಂದಿನ ಟೈರಿನ ಗುಬಟು ಅಂಚುಗಳು ದುಂಡಾಗಿವೆ, ಅದೊಂದು ಬದಲಿಸಬೇಕು. ಟೈರ್ ಲಿವರ್ ತಂದಿಟ್ಟಿದ್ದೇನೆ. ಟ್ಯೂಬ್ ಕಚ್ಚಿಸದೆ ಹಾಕೋದು ಹೇಗೆ ಅಂತ ಭಾನುವಾರ ಭಾವ ಬಂದು ತೋರಿಸ್ತಾರಂತೆ. "ನಾನು ಬರೀ ನೋಡ್ತೀನಿ, ಕೈ ಹಾಕೋದು ನೀನೇ" ಅಂತ ಈಗಲೇ ಹೇಳಿದ್ದಾರೆ.