ನನ್ನ ಇನ್ನೊಬ್ಬ ಇನ್ನೂ ಆಡೇ ಇಲ್ಲಲ್ಲ

ಅಣ್ಣನ ಮಗ ಕೇಳಿದ ಒಂದು ಪ್ರಶ್ನೆ ಈ ವಾರವೆಲ್ಲ ತಲೆಯಲ್ಲೇ ಕೂತಿದೆ. "ಅತ್ತೀ, ನನ್ನ ಇನ್ನೊಬ್ಬ ಇನ್ನೂ ಆಡೇ ಇಲ್ಲಲ್ಲ. ನಾ ಹೆಂಗ ಸೋತೆ?"

ಭಾನುವಾರ ಬಾಗಲಕೋಟೆ ನವನಗರದಲ್ಲಿ ಅಣ್ಣನ ಮನೆಯಲ್ಲಿದ್ದೆವು. ಅಣ್ಣನ ಗೆಳೆಯನೊಬ್ಬ ಊರು ಬಿಡುವಾಗ ಹಳೆಯ ಪ್ಲೇಸ್ಟೇಷನ್ 3 ಕೊಟ್ಟು ಹೋಗಿದ್ದಾನೆ, ಜೊತೆಗೆ ಒಂದಿಷ್ಟು ಡಿಸ್ಕ್. ಅದರೊಳಗೆ 2012ರ 'ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕನ್' ಸಿಕ್ಕಿತು. ಸ್ಟ್ರೀಟ್ ಫೈಟರ್ ಮಾಡುವ ಕ್ಯಾಪ್‌ಕಾಮ್ ಕಂಪನಿ ತನ್ನ ಆಟದವರನ್ನೂ ಟೆಕ್ಕನ್ ಅನ್ನೋ ಇನ್ನೊಂದು ಹೊಡೆದಾಟದ ಆಟದವರನ್ನೂ ಕೂಡಿಸಿದ ಆಟ, ಒಂದೊಂದು ಕಡೆ ಇಬ್ಬರ ಜೋಡಿ. ಹುಡುಗ ಆರಿಸಿದ್ದು ಇಬ್ಬರು ಪೈಲ್ವಾನರನ್ನ. ಟೆಕ್ಕನ್ ಕಡೆಯಿಂದ ಜಾಗ್ವಾರ್ ಮುಖವಾಡದ ಕಿಂಗ್, ಸ್ಟ್ರೀಟ್ ಫೈಟರ್ ಕಡೆಯಿಂದ ಜ್ಯಾಂಗೀಫ್. ನಾನು ರ್‍ಯೂ, ಕೆನ್. ಕಿಂಗ್ ಹತ್ತಿರ ಬರೋಕೆ ಒದ್ದಾಡುತ್ತಿದ್ದ, ನಾನು ದೂರದಿಂದಲೇ ಹಡೋಕೆನ್ ಅನ್ನೋ ಬೆಂಕಿಯುಂಡೆ ಎಸೆಯುತ್ತಿದ್ದೆ. ಕಿಂಗ್‌ನ ಬಲದ ಪಟ್ಟಿ ಖಾಲಿಯಾಯಿತು, ಬಿದ್ದ, ರೌಂಡ್ ಮುಗಿಯಿತು. ಜ್ಯಾಂಗೀಫ್‌ಗೆ ಒಂದು ಏಟೂ ಬಿದ್ದಿರಲಿಲ್ಲ. ಅವನ ಪಟ್ಟಿ ತುಂಬಿದ್ದು ತುಂಬಿದಂಗೇ ಇತ್ತು. ಹುಡುಗ ಬೆರಳಿಟ್ಟು ತೋರಿಸಿದ್ದು ಅದನ್ನೇ.

ಅಣ್ಣ ಫೋನಿನಿಂದ ತಲೆ ಎತ್ತದೆ "ರೂಲ್ಸ್ ಅದ, ಸುಮ್ನ ಆಡು" ಅಂದ. ಅವನು ಮೊದಲಿಂದ ಹೀಗೇ. ರೂಲ್ಸ್ ಅಂದರೆ ಅವನಿಗೆ ಮಾತು ಮುಗಿಯಿತು. ಆದರೆ ಹಳೇ ಊರಿನ ಗೇಮ್ ಪಾರ್ಲರಿನಲ್ಲಿ ಹುಡುಗರ ನಡುವೆ ನನಗೆ ಜಾಗ ಮಾಡಿ, ತನ್ನ ಕಡೇ ನಾಣ್ಯ ನನ್ನ ಕೈಗೆ ಕೊಡುತ್ತಿದ್ದವನೂ ಅವನೇ. ಆ ಹಳೇ ಊರಿನ ಎಷ್ಟೋ ಭಾಗ ಆಲಮಟ್ಟಿ ಹಿನ್ನೀರಿಗೆ ಹೋಯ್ತು. ಪಾರ್ಲರ್ ಅದಕ್ಕೂ ಮೊದಲೇ ಮುಚ್ಚಿತ್ತು. ಅಲ್ಲಿ ಕಿಂಗ್ ಆಫ್ ಫೈಟರ್ಸ್ 97 ಇದ್ದ ಯಂತ್ರದ ಮುಂದೆ ಯಾವಾಗಲೂ ಗುಂಪು. ನಾವೆಲ್ಲ ಅದನ್ನು ಬೇರೆ ಬೇರೆ ಆಟಗಳ ಹೀರೋಗಳು ಕೂಡಿದ ಆಟ ಅಂತ ತಿಳಿದು ಆಡಿದವರಲ್ಲ. ಫೇಟಲ್ ಫ್ಯೂರಿಯವರು, ಆರ್ಟ್ ಆಫ್ ಫೈಟಿಂಗ್‌ನವರು 1994ರಲ್ಲಿ ಅಲ್ಲಿ ಒಂದಾದರು ಅನ್ನೋದು ಬಹಳ ತಡವಾಗಿ ಗೊತ್ತಾಯಿತು. ಗೊತ್ತಿದ್ದದ್ದು ಇಷ್ಟೇ: ನಮ್ಮ ಕಡೆ ಮೂವರು, ಒಬ್ಬ ಬಿದ್ದರೆ ಇನ್ನೊಬ್ಬ ಬರ್ತಾನೆ. ಕಡೆಯವನು ಬೀಳೋತನಕ ನಾಣ್ಯ ಜೀವಂತ.

ಹುಡುಗನಿಗೆ ನಾನು ಹೇಳಿದ ಉತ್ತರ ಸರಿಯಾದದ್ದೇ. ಜೋಡಿಯಲ್ಲಿ ಒಬ್ಬ ಬಿದ್ದರೆ ರೌಂಡ್ ಹೋಯ್ತು ಅನ್ನೋ ಈ ನಿಯಮ ಟೆಕ್ಕನ್ ಮನೆಯದು. 1999ರ ಟೆಕ್ಕನ್ ಟ್ಯಾಗ್ ಟೂರ್ನಮೆಂಟ್‌ನಲ್ಲೂ ಹೀಗೇ ಇತ್ತು. ಅದಕ್ಕೇ ಒಬ್ಬನ ಪಟ್ಟಿ ಇಳೀತಿದ್ದಂಗೆ ಅವನನ್ನು ಒಳಗೆ ಕಳಿಸಿ ಇನ್ನೊಬ್ಬನನ್ನು ಕರೀಬೇಕು, ಒಳಗಿದ್ದವನು ಸ್ವಲ್ಪ ಚೇತರಿಸಿಕೊಳ್ತಾನೆ. ಆಟದ ಮಜಾ ಇರೋದೇ ಆ ಅದಲುಬದಲಿನಲ್ಲಿ. ಹೇಳಿದೆ. ಅವನು ಕೇಳಿಸಿಕೊಂಡ. ಮತ್ತೆ ಅಂದ, "ಆದ್ರೂ ಅತ್ತೀ, ಅವಾ ಆಡೇ ಇಲ್ಲಲ್ಲ."

ನಿಜ, ಅವನು ಆಡೇ ಇಲ್ಲ.

ಮನೆಗೆ ಬಂದ ಮೇಲೂ ಇದೇ ಯೋಚನೆ. ಟೆಕ್ಕನ್‌ನಿಂದ ಕ್ಯಾಪ್‌ಕಾಮ್ ತಂದದ್ದು ಇದೊಂದು ನಿಯಮ, ಅದೂ ಆಡುವವನಿಗೆ ಹೆಚ್ಚು ನೋವು ಕೊಡುವಂಥದ್ದು. ಉಳಿದದ್ದರಲ್ಲಿ ಜಾಸ್ತಿ ಸ್ಟ್ರೀಟ್ ಫೈಟರ್‌ದೇ. ಟೆಕ್ಕನ್‌ನಲ್ಲಿ ನಾಲ್ಕು ಬಟನ್, ಒಂದೊಂದು ಕೈಗೆ ಒಂದು, ಒಂದೊಂದು ಕಾಲಿಗೆ ಒಂದು. ಎಡಗೈ ಒತ್ತಿದರೆ ಎಡಗೈಯೇ ಏಳುತ್ತೆ. ಇಲ್ಲಿ ಆರು ಬಟನ್: ಹಗುರ, ಮಧ್ಯಮ, ಜೋರು, ಗುದ್ದಿಗೆ ಮೂರು, ಒದೆತಕ್ಕೆ ಮೂರು. ಟೆಕ್ಕನ್‌ನವರು ಪಕ್ಕಕ್ಕೆ ಸರಿದು ಏಟು ತಪ್ಪಿಸಿಕೊಳ್ಳುತ್ತಿದ್ದರು. ಇಲ್ಲಿ ಪಕ್ಕ ಅನ್ನೋದೇ ಇಲ್ಲ, ಮುಂದೆ ಅಥವಾ ಹಿಂದೆ, ಇಲ್ಲಾ ಮೇಲೆ. ದೂರದಿಂದ ಬೆಂಕಿ ಎಸೆಯೋರ ಮುಂದೆ ಕಿಂಗ್‌ನಂಥವನನ್ನು ನಿಲ್ಲಿಸಿದರೆ ಅವನ ಅರ್ಧ ಆಟ ಹತ್ತಿರ ಬರೋದರಲ್ಲೇ ಮುಗಿಯುತ್ತೆ.

ನಮ್ಮ ಕಡೆ ಜಾತ್ರೆ ಕುಸ್ತಿಗೆ ಬೇರೆ ಊರಿನ ಪೈಲ್ವಾನ ಬಂದರೆ ಮಣ್ಣು ನಮ್ಮದೇ, ಪಂಚರೂ ನಮ್ಮವರೇ, ಆದರೆ ಅವನ ಪಟ್ಟು ಅವನದು. ಅದನ್ನ ನೋಡೋಕೇ ಜನ ಸೇರೋದು. ಅವನ ಪಟ್ಟನ್ನೂ ನಾವೇ ಕಲಿಸಿ ಕಣಕ್ಕೆ ಬಿಟ್ಟರೆ ಅವನನ್ನು ಕರೆದದ್ದು ಯಾಕೆ?

ಕ್ಯಾಪ್‌ಕಾಮ್‌ಗೆ ಇದು ಗೊತ್ತಿರಲಿಲ್ಲ ಅಂತ ಅಲ್ಲ. 2001ರಲ್ಲಿ ಅವರೇ ಮಾಡಿದ ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ 2 ನೋಡಿ. ಎಸ್‌ಎನ್‌ಕೆ ಅಂದರೆ ಕಿಂಗ್ ಆಫ್ ಫೈಟರ್ಸ್ ಮಾಡಿದ ಕಂಪನಿ. ಆಟದಲ್ಲಿ ಆರು ಗ್ರೂವ್, ಅಂದರೆ ಆಡುವ ರೀತಿ. ಸಿ, ಎ, ಪಿ ಕ್ಯಾಪ್‌ಕಾಮ್ ಆಟಗಳ ರೀತಿ, ಎಸ್, ಎನ್, ಕೆ ಎಸ್‌ಎನ್‌ಕೆ ಆಟಗಳ ರೀತಿ. ಪಿ ಹಿಡಿದರೆ ಸ್ಟ್ರೀಟ್ ಫೈಟರ್ 3ರ ಪ್ಯಾರಿ, ಅಂದರೆ ಏಟನ್ನು ಸರಿಯಾದ ಕ್ಷಣಕ್ಕೆ ತಳ್ಳಿಹಾಕೋದು, ಸಿಗುತ್ತೆ. ಎನ್ ಹಿಡಿದರೆ ಕಿಂಗ್ ಆಫ್ ಫೈಟರ್ಸ್ ಥರ ಓಡಬಹುದು, ಉರುಳಬಹುದು. ಕೆ ಹಿಡಿದರೆ ಏಟು ತಿಂದಷ್ಟೂ ಸಿಟ್ಟು ತುಂಬುತ್ತೆ. ಯಾರನ್ನ ಬೇಕಾದರೂ ಯಾವ ಗ್ರೂವ್‌ನಲ್ಲಾದರೂ ಆಡಿಸಬಹುದು. ಬಂದವರು ಬರೀ ಮುಖ ತರಲಿಲ್ಲ, ತಮ್ಮ ಮನೆಯ ನಡೆಯನ್ನೂ ತಂದರು. ನನ್ನ ಮಟ್ಟಿಗೆ ಎರಡು ಬಳಗ ಕೂಡಿಸುವ ಆಟ ಅಂದರೆ ಇವತ್ತಿಗೂ ಅದೇ.

2012ರ ಆಟವನ್ನ ಪೂರ್ತಿ ತಳ್ಳಿಹಾಕೋಕೆ ಮನಸ್ಸಿಲ್ಲ. ಟೆಕ್ಕನ್‌ನ ಕಾಜುಯಾನನ್ನು ಸ್ಟ್ರೀಟ್ ಫೈಟರ್ ಚಿತ್ರಶೈಲಿಯಲ್ಲಿ ಎಷ್ಟು ಚೆಂದ ಬರೆದಿದ್ದಾರೆ! ಅವನು ಬಗ್ಗಿ ನುಗ್ಗಿ ಮಿಂಚಿನ ಗುದ್ದು ಕೊಡುವಾಗ ಭುಜ ಮೊದಲು ತಿರುಗುತ್ತೆ, ಆಮೇಲೆ ಕೈ ಏಳುತ್ತೆ. ಇದು ಟೆಕ್ಕನ್ ಆಡಿದವರ ಕಣ್ಣಿಗೆ ತಕ್ಷಣ ಬೀಳುತ್ತೆ. ಆ ಕೆಲಸದ ಹಿಂದೆ ಪ್ರೀತಿ ಇದೆ. ಬೇಜಾರು ಬೇರೆ ಕಡೆ. ಆಟಕ್ಕೆ ಮೊದಲೇ ಜೆಮ್ ಅಂತ ಹರಳು ಸಿಕ್ಕಿಸಿಕೊಂಡು ಬಲ ಹೆಚ್ಚಿಸಿಕೊಳ್ಳೋದು, ಅದರಲ್ಲಿ ಕೆಲವು ಎಲ್ಲರಿಗೂ ಸಿಗದಿರೋದು. ಡಿಸ್ಕ್‌ನಲ್ಲಿ ಆಗಲೇ ಇದ್ದ ಹನ್ನೆರಡು ಪಾತ್ರಗಳಿಗೆ ಬೀಗ ಹಾಕಿ ಆಮೇಲೆ ಬೇರೆ ದುಡ್ಡಿಗೆ ಮಾರಿದ್ದು. ದುಡ್ಡು ಕೊಟ್ಟು ತಂದ ಡಿಸ್ಕ್‌ನೊಳಗೇ ಇದ್ದವರಿಗೆ ಮತ್ತೆ ದುಡ್ಡು ಕೇಳಿದರೆ ಯಾರಿಗೆ ಸಿಟ್ಟು ಬರಲ್ಲ? ಆಗ ಎಲ್ಲ ಕಡೆ ಜನ ಬೈದರು, ಬೈದದ್ದು ನ್ಯಾಯ.

ಪ್ಯಾಂಡೋರಾ ಅಂತ ಇನ್ನೊಂದಿದೆ. ಆಡುತ್ತಿರುವವನ ಬಲ ಕಾಲುಭಾಗಕ್ಕಿಂತ ಕಡಿಮೆಯಾದಾಗ ಜೊತೆಗಾರನನ್ನು ಬಲಿಕೊಟ್ಟು ಕೆಲವು ಸೆಕೆಂಡು ವಿಪರೀತ ಶಕ್ತಿ ಪಡೀಬಹುದು. ಅಷ್ಟರಲ್ಲಿ ಗೆಲ್ಲದಿದ್ದರೆ ಸೋಲು. ಮುಂದಿನ ಆಟದಲ್ಲಿ ಹುಡುಗನಿಗೆ ಇದನ್ನ ತೋರಿಸಿದೆ. ಜ್ಯಾಂಗೀಫ್ ಮಾಯವಾದದ್ದು ನೋಡಿ ಅವನ ಮುಖ ಬಾಡಿತು. "ಇವನ್ನ ಆಡ್ಸೂದೂ ಇಲ್ಲ, ಕೊಲ್ಲೂದೂ ಇವನ್ನ?" ಅಂದ. ಹತ್ತು ವರ್ಷದ ಹುಡುಗ. ಆಟ ಹೇಗಿದೆ ಅಂತ ತೂಗೋದನ್ನ ಅವನಿಗೆ ಯಾರೂ ಕಲಿಸಿಲ್ಲ, ಆದರೂ ಎರಡು ಸಲವೂ ಬೆರಳು ಸರಿಯಾದ ಜಾಗಕ್ಕೇ ಹೋಯ್ತು.

ಈ 2012ರ ಆಟಕ್ಕೆ ಜೋಡಿಯಾಗಿ ಟೆಕ್ಕನ್‌ನವರು ತಮ್ಮ ಕಣದಲ್ಲಿ 'ಟೆಕ್ಕನ್ ಕ್ರಾಸ್ ಸ್ಟ್ರೀಟ್ ಫೈಟರ್' ಮಾಡ್ತೀವಿ ಅಂದಿದ್ದರು. ಬರಲೇ ಇಲ್ಲ. ಟೆಕ್ಕನ್ 7ಕ್ಕೆ ಸ್ಟ್ರೀಟ್ ಫೈಟರ್‌ನ ಅಕುಮಾ ಒಬ್ಬ ಬಂದ, ತನ್ನ ಬೆಂಕಿ, ತನ್ನ ಜಿಗಿತ, ವಿಶೇಷ ಏಟಿಗೆ ಶಕ್ತಿ ತುಂಬುವ ತನ್ನ ಮೀಟರ್ ಎಲ್ಲ ಹೊತ್ತುಕೊಂಡೇ ಬಂದ. ಟೆಕ್ಕನ್ ಅಭಿಮಾನಿಗಳಲ್ಲಿ ಎಷ್ಟೋ ಜನಕ್ಕೆ ಸಿಟ್ಟು ಬಂತು. ನನಗಂತೂ ಅಕುಮಾ ಅಕುಮಾನಾಗೇ ಬಂದನಲ್ಲ ಅಂತ ಖುಷಿ.

ನಿನ್ನೆ ಅಣ್ಣನಿಗೆ ಫೋನ್ ಮಾಡಿದೆ. 2025ರಲ್ಲಿ ಬಂದ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್ 2ರಲ್ಲಿ ಆ 2001ರ ಆಟ ಇದೆ, ಕಂಪ್ಯೂಟರಿಗೂ ಸಿಗುತ್ತೆ, ಹುಡುಗನಿಗೆ ಕೊಡಿಸು ಅಂದೆ. ಪರೀಕ್ಷೆ ಮುಗೀಲಿ ಅಂದ. ಆಮೇಲೆ ತಾನಾಗೇ ಕೇಳಿದ, "ಅದ್ರಾಗ ಮೂರೂ ಮಂದಿ ಬೀಳೂತನಕ ಆಡಬಹುದೇನು?" ಆಡಬಹುದು ಅಣ್ಣಾ, ಅಂದೆ.