ಜಡೆ ಹಾಕುತ್ತಾ ಕೇಳಿದ ಕವಿತೆ

ನಾವಿರುವುದು ಅಟ್ಲಾಂಟಾದಲ್ಲಿ. ಕರಿಯರ ನಾಗರಿಕ ಹಕ್ಕುಗಳ ಹೋರಾಟದ ಬಗ್ಗೆ ಒಂದು ಕವಿತೆ ಆರಿಸಿ, ಅದರ ಹಿಂದಿನ ಇತಿಹಾಸ ಹುಡುಕಿಕೊಂಡು ಬನ್ನಿ ಅಂತ ಮಗಳ ಟೀಚರ್ ಹೇಳಿದ್ದರು. ಇವಳು ಆರಿಸಿದ್ದು ಡಡ್ಲಿ ರ‍್ಯಾಂಡಲ್ ಬರೆದ ‘ಬ್ಯಾಲಡ್ ಆಫ್ ಬರ್ಮಿಂಗ್‌ಹ್ಯಾಮ್’. ಬೆಳಗ್ಗೆ ನಾನು ಜಡೆ ಹಾಕುತ್ತಿದ್ದೆ, ಅವಳು ಜೋರಾಗಿ ಓದುತ್ತಿದ್ದಳು.

ಮೆರವಣಿಗೆಗೆ ಹೋಗಲಾ ಅಮ್ಮಾ ಅಂತ ಮಗು ಕೇಳುತ್ತದೆ. ಬೇಡ ಕಂದಾ, ನಾಯಿ ಬಿಡುತ್ತಾರೆ, ಬಂದೂಕು ಇರುತ್ತದೆ, ನೀನು ಚರ್ಚ್‌ಗೆ ಹೋಗಿ ಹಾಡು ಅನ್ನುತ್ತಾಳೆ ತಾಯಿ. ತಲೆ ಬಾಚಿ, ಕೈಗೆ ಬಿಳಿ ಗವಸು, ಕಾಲಿಗೆ ಬಿಳಿ ಶೂ ಹಾಕಿ ಕಳಿಸುತ್ತಾಳೆ. ಬಾಂಬ್ ಸಿಡಿಯುವುದು ಆ ಚರ್ಚ್‌ನಲ್ಲೇ. ಗಾಜು, ಇಟ್ಟಿಗೆ ಕೆದಕಿದವಳ ಕೈಗೆ ಸಿಗುವುದು ಒಂದು ಶೂ.

ನನ್ನ ಕೈ ಜಡೆಯಲ್ಲೇ ನಿಂತುಬಿಟ್ಟಿತು. ನಾನಾಗಿದ್ದರೂ ಮೆರವಣಿಗೆ ಬೇಡ ಅಂತಲೇ ಹೇಳುತ್ತಿದ್ದೆ.

ಆ ತಾಯಿಯ ಭಯ ಸುಮ್ನೆ ಹುಟ್ಟಿದ್ದಲ್ಲ. 1963ರ ಮೇ ತಿಂಗಳಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾವಿರಕ್ಕೂ ಜಾಸ್ತಿ ಮಕ್ಕಳು ಶಾಲೆ ಬಿಟ್ಟು ಬೀದಿಗಿಳಿದಿದ್ದರು, ಅವರು ಹೊರಟದ್ದೂ ಇದೇ ಚರ್ಚ್‌ನಿಂದ, ಅವರ ಮೇಲೆ ಪೊಲೀಸರು ನಾಯಿ ಛೂ ಬಿಟ್ಟರು, ಬೆಂಕಿ ಆರಿಸುವ ಪೈಪಿನಿಂದ ನೀರು ಹೊಡೆಸಿದರು. ಅದೇ ವರ್ಷ ಸೆಪ್ಟೆಂಬರ್ 15, ಭಾನುವಾರ, ಕರಿಯರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನವರು ಆ ಚರ್ಚ್‌ಗೆ ಇಟ್ಟ ಡೈನಮೈಟ್ ಸಿಡಿಯಿತು. ಸತ್ತವರು ನಾಲ್ಕು ಹುಡುಗಿಯರು. ಒಬ್ಬಳಿಗೆ 11 ವರ್ಷ, ಮಿಕ್ಕ ಮೂವರಿಗೆ 14.

“ನಾಲ್ಕು ಜನ ಅಲ್ವಾ? ಕವಿತೆಯಲ್ಲಿ ಯಾಕಮ್ಮ ಒಂದೇ ಮಗು?” ಅಂದಳು ಇವಳು. ಒಂದೇ ಮಗು, ಒಬ್ಬಳೇ ತಾಯಿ ಆಗಿದ್ದಕ್ಕೇ ನನಗೆ ಅಷ್ಟು ತಾಕಿದ್ದು. ಆದರೂ ಇವಳು ಕೇಳಿದ್ದು ಸರಿಯಾಗಿಯೇ ಇತ್ತು. ಇಬ್ಬರೂ ಕೂತು ಹುಡುಕಿದೆವು. ಸತ್ತವರಲ್ಲಿ ಒಬ್ಬಳ ತಂಗಿ, 12 ವರ್ಷದ ಸಾರಾ, ಬದುಕುಳಿದಳು, ಒಂದು ಕಣ್ಣು ಹೋಯಿತು. ಅದೇ ದಿನ ಅದೇ ಊರಿನಲ್ಲಿ ಇಬ್ಬರು ಕರಿಯ ಹುಡುಗರು ಗುಂಡೇಟಿಗೆ ಸತ್ತರು. ಬಾಂಬ್ ಇಟ್ಟವರಲ್ಲಿ ಮೊದಲನೆಯವನಿಗೆ ಶಿಕ್ಷೆಯಾದದ್ದು 1977ರಲ್ಲಿ. ಆ ಮೂವರು ಹುಡುಗಿಯರು ಬದುಕಿದ್ದಷ್ಟೇ ವರ್ಷ ಕಾಯಬೇಕಾಯಿತು, ಹದಿನಾಲ್ಕು. ಕೊನೆಯವನಿಗೆ ಆಗಿದ್ದು 2002ರಲ್ಲಿ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿಗೆ ಕವಿತೆಯ ಕಥೆಯನ್ನು ಇವಳೇ ತನಗೆ ಬರುವ ಕನ್ನಡದಲ್ಲಿ ಹೇಳಿದಳು. ಅಜ್ಜಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಮಗೂ ಹೆಸರೇನು ಪುಟ್ಟಿ?” ಅಂದರು.

ಕವಿತೆಯಲ್ಲಿ ಹೆಸರಿಲ್ಲ. ಇವಳು ನೋಟ್‌ಬುಕ್ ತೆಗೆದು ಓದಿದಳು: ಆ್ಯಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರಲ್ ರಾಬರ್ಟ್‌ಸನ್, ಡೆನೀಸ್ ಮೆಕ್‌ನೇರ್. ಅಜ್ಜಿ ಒಂದೊಂದನ್ನೂ ತಿರುಗಿ ಹೇಳಿದರು. ಸಿಂಥಿಯಾ ಬಾಯಿಗೆ ಸರಿಯಾಗಿ ಬರಲಿಲ್ಲ. “ಇನ್ನೊಂದ್ಸಲ ಹೇಳು” ಅಂದು ಮತ್ತೆ ಕೇಳಿಸಿಕೊಂಡರು.