ತಿರುವಿನಲ್ಲಿ ಕಟ್ ಕಟ್ ಅನ್ನುವ ಆಕ್ಸಲ್: ಹಳೆ ಜಾಯಿಂಟ್ ಬಿಚ್ಚಿ ಕಟ್ಟುವುದು

ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಗಾಡಿ ಹೊರಳಿಸುವಾಗ ಮುಂದಿನ ಚಕ್ರದ ಕಡೆಯಿಂದ ಕಟ್ ಕಟ್ ಕಟ್ ಅಂತ ಸದ್ದು ಬಂದರೆ ಹೊರಗಿನ ಸಿವಿ ಜಾಯಿಂಟ್ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟ್‌ಗೆ ಚಕ್ರದ ತುದಿಯಲ್ಲಿರುವ, ಬಾಗಿದರೂ ತಿರುಗುವ ಕೀಲು) ಸವೆದಿದೆ ಎಂದೇ ಹಿಡಿಯಿರಿ. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಅಡ್ಡಡ್ಡ ನಡುಗಿ, ಕಾಲು ತೆಗೆದ ಕೂಡಲೇ ಸುಮ್ಮನಾದರೆ ತಪ್ಪು ಗೇರ್‌ಬಾಕ್ಸ್ ಕಡೆಯ ಒಳಗಿನ ಜಾಯಿಂಟ್‌ನದು. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಬದಲಾಗದೆ, ವೇಗದ ಜೊತೆ ಏರುವ ಗೂಂ ಸದ್ದು ವೀಲ್ ಬೇರಿಂಗ್‌ದು. ಅದಕ್ಕೆ ಆಕ್ಸಲ್ ಬಿಚ್ಚಿ ಪ್ರಯೋಜನವಿಲ್ಲ.

106 ಎಚ್‌ಪಿಯ ಹೋಂಡಾ ಸಿಟಿ ವಿಟೆಕ್, ಪಾಲಿಯೋ 1.6, ಚುರುಕಾಗಿ ಓಡಿಸಿದ ಎಸ್ಟೀಮ್: ನಮ್ಮ ಕಡೆ ಹಳೆ ಸ್ಪೋರ್ಟಿ ಗಾಡಿ ಅಂದರೆ ಹೆಚ್ಚುಕಡಿಮೆ ಇವೇ, ಎಲ್ಲ ಮುಂದಿನ ಚಕ್ರ ಎಳೆಯುವಂಥವು. ಬೆಳಗಾವಿಯಿಂದ ಚೋರ್ಲಾ ಘಾಟ್ ಹತ್ತಿಳಿಯುವಾಗ ಸ್ಟಿಯರಿಂಗ್ ತಿರುಗಿರುತ್ತದೆ, ಎಂಜಿನ್ ಎಳೆಯುತ್ತಿರುತ್ತದೆ. ಹೊರ ಜಾಯಿಂಟ್‌ಗೆ ಇದಕ್ಕಿಂತ ಭಾರದ ಕೆಲಸವಿಲ್ಲ. ಆದರೂ ಜಾಯಿಂಟ್ ಕೆಡುವುದು ಘಾಟ್‌ನಿಂದಲ್ಲ, ಹರಿದ ಬೂಟ್‌ನಿಂದ, ಅಂದರೆ ಜಾಯಿಂಟ್ ಮುಚ್ಚುವ ಮಡಿಕೆಯ ರಬ್ಬರ್ ಚೀಲದಿಂದ. ರಬ್ಬರ್ ಸೀಳಿದರೆ ಗ್ರೀಸ್ ಹೊರಗೆ ಸಿಡಿಯುತ್ತದೆ, ಖಾನಾಪುರ ಕಡೆಯ ಮಳೆಗಾಲದ ಕೆಂಪು ರಾಡಿ ಒಳಗೆ ಸೇರುತ್ತದೆ. ಉಳಿದ ಗ್ರೀಸ್ ವಾಲ್ವ್ ತಿಕ್ಕುವ ಪೇಸ್ಟ್‌ನಂತಾಗಿ ಉಕ್ಕನ್ನು ತಿನ್ನುತ್ತದೆ. ಆದ್ದರಿಂದ ಜೂನ್‌ಗೆ ಮೊದಲೇ ಚಕ್ರ ಪೂರ್ತಿ ತಿರುಗಿಸಿ, ಬೂಟ್‌ನ ಮಡಿಕೆಗಳನ್ನು ಬೆರಳಿನಿಂದ ಅಗಲಿಸಿ ನೋಡಿ. ಬಿರುಕು ಹುಟ್ಟುವುದು ಮಡಿಕೆಯ ತಗ್ಗಿನಲ್ಲಿ, ಮೇಲಿಂದ ಕಾಣುವುದಿಲ್ಲ. ರಿಮ್‌ನ ಒಳಮೈಗೆ ಕಪ್ಪು ಗ್ರೀಸ್ ಚಿಮ್ಮಿದ್ದರೆ ಬಿರುಕು ಹುಡುಕುವ ಅಗತ್ಯವೂ ಇಲ್ಲ.

ಹೊಸ ಆಕ್ಸಲ್ ತರುವುದೋ, ಹಳೆಯದನ್ನೇ ಕಟ್ಟುವುದೋ? ಕಂಪನಿಯ ಮೂಲ ಜಾಯಿಂಟ್‌ನಲ್ಲಿ ಉಕ್ಕಿನ ಗುಂಡುಗಳು ಓಡುವ ಗ್ರೂವ್ ಚೆನ್ನಾಗಿದ್ದರೆ ಹೊಸ ಬೂಟ್, ಹೊಸ ಗ್ರೀಸ್ ಹಾಕಿ ಅದನ್ನೇ ಕಟ್ಟಿ. ಅಗ್ಗದ ಪೂರ್ತಿ ಸೆಟ್ ಹಾಕಿ, ಮೊದಲಿಲ್ಲದ ನಡುಕ ತಂದುಕೊಂಡವರು ಕಡಿಮೆಯಿಲ್ಲ. ಸದ್ದು ಶುರುವಾಗಿ ತಿಂಗಳುಗಟ್ಟಲೆ ಓಡಿದ್ದರೆ ಮಾತ್ರ ಹೊಸ ಜಾಯಿಂಟ್ ಬೇಕು. ಸವೆದ ಉಕ್ಕಿಗೆ ಗ್ರೀಸ್ ಮದ್ದಲ್ಲ.

ಬಿಚ್ಚುವ ಕೆಲಸ ಗಾಡಿ ನೆಲದ ಮೇಲಿರುವಾಗಲೇ ಶುರು. ಹಬ್ ನಟ್‌ನ ಬಡಿದು ಮಡಿಚಿದ ತುಟಿಯನ್ನು ಸಣ್ಣ ಚಾಣದಿಂದ ಎಬ್ಬಿಸಿ, ಕ್ಯಾಸಲ್ ನಟ್ ಆಗಿದ್ದರೆ ಸ್ಪ್ಲಿಟ್ ಪಿನ್ ತೆಗೆಯಿರಿ. ತುಟಿ ಎಬ್ಬಿಸದೆ ಉದ್ದ ಪೈಪ್ ಹಾಕಿ ತಿರುಗಿಸಿದರೆ ಶಾಫ್ಟ್‌ನ ಥ್ರೆಡ್ ಕಿತ್ತುಬರುತ್ತದೆ. ನಟ್ ಒಮ್ಮೆ ಸಡಿಲವಾದ ಮೇಲೆ ಜ್ಯಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ. ನಂತರ ಲೋವರ್ ಬಾಲ್ ಜಾಯಿಂಟ್, ಅಂದರೆ ಹಬ್ ಹಿಡಿದಿರುವ ನಕಲ್ ಎಂಬ ತುಂಡನ್ನು ಕೆಳಗಿನ ತೋಳಿಗೆ ಸೇರಿಸುವ ಕೀಲು. ಅದರ ನಟ್ ಬಿಚ್ಚಿ, ನಕಲ್‌ನ ಕಿವಿಯ ಪಕ್ಕಕ್ಕೆ ಸುತ್ತಿಗೆಯ ಏಟು ಕೊಟ್ಟರೆ ಟೇಪರ್ (ಬಿಗಿದು ಕೂತ ಓರೆ ತುದಿ) ಬಿಡುತ್ತದೆ. ಫೋರ್ಕ್ ತೂರಿಸಿದರೆ ಅದರ ರಬ್ಬರೂ ಹರಿದು ಇನ್ನೊಂದು ಖರ್ಚು ಹುಟ್ಟುತ್ತದೆ.

ಗೋವಾದ ಉಪ್ಪು ಗಾಳಿಯಲ್ಲಿ ಓಡಿದ ಗಾಡಿಯಾದರೆ ಸ್ಪ್ಲೈನ್ (ಶಾಫ್ಟ್ ತುದಿಯ ಹಲ್ಲುಗಳು) ಹಬ್‌ನಲ್ಲಿ ತುಕ್ಕು ಹಿಡಿದು ಕೂತಿರುತ್ತದೆ. ಹಳೆ ನಟ್ಟನ್ನು ಶಾಫ್ಟ್‌ನ ತುದಿಗೆ ಸಮವಾಗಿ ತಿರುಗಿಸಿಟ್ಟು, ಹಿತ್ತಾಳೆ ತುಂಡಿನ ಮೇಲೆ ಬಡಿಯಿರಿ. ಬರಿ ಶಾಫ್ಟ್ ಮೇಲೆ ಕಬ್ಬಿಣದ ಸುತ್ತಿಗೆ ಬೇಡ.

ಒಳತುದಿಯನ್ನು ಶಾಫ್ಟ್ ಹಿಡಿದು ಎಳೆಯಬಾರದು. ಅಲ್ಲಿರುವ ಮೂರು ರೋಲರ್‌ಗಳ ಟ್ರೈಪಾಡ್ ಜಾಯಿಂಟ್ ತನ್ನ ಕಪ್ಪಿನಿಂದ ಕಳಚಿ, ರೋಲರ್‌ಗಳು ಬೂಟ್‌ನೊಳಗೆ ಬೀಳುತ್ತವೆ. ಜಾಯಿಂಟ್‌ನ ಕಪ್ ಮತ್ತು ಗೇರ್‌ಬಾಕ್ಸ್ ನಡುವೆ ಟಾಮಿ (ಮೀಟುವ ಸರಳು) ಕೊಟ್ಟು ಒಮ್ಮೆ ಮೀಟಿದರೆ ಸರ್ಕ್ಲಿಪ್ (ಹಿಡಿದಿಡುವ ತಂತಿ ಉಂಗುರ) ಬಿಟ್ಟು ಹೊರಬರುತ್ತದೆ. ಗೇರ್ ಎಣ್ಣೆ ಮೊದಲೇ ಇಳಿಸಿರಿ. ರೆನೋ ಕಂಪನಿಯ ಜೆಬಿ ಎಂಬ ಗೇರ್‌ಬಾಕ್ಸ್‌ನಲ್ಲಿ ಎಡಬದಿಯ ಕಥೆಯೇ ಬೇರೆ: ಅಲ್ಲಿ ಬೂಟ್ ಮೂರು ಬೋಲ್ಟ್‌ಗಳಿಂದ ಗೇರ್‌ಬಾಕ್ಸ್‌ಗೇ ಕೂತಿರುತ್ತದೆ, ಟ್ರೈಪಾಡ್ ಓಡುವುದು ಗೇರ್ ಎಣ್ಣೆಯಲ್ಲಿ. ಅಲ್ಲಿ ಬೂಟ್ ಹರಿದರೆ ಸೋರುವುದು ಗ್ರೀಸ್ ಅಲ್ಲ, ಗೇರ್‌ಬಾಕ್ಸ್‌ನ ಎಣ್ಣೆ.

ಇನ್ನು ಹೊರ ಜಾಯಿಂಟ್. ಶಾಫ್ಟನ್ನು ವೈಸ್‌ನಲ್ಲಿ ಮೆತ್ತನೆ ದವಡೆಗಳ ನಡುವೆ ಹಿಡಿಸಿ, ಬೂಟ್ ಕತ್ತರಿಸಿ ಬಿಸಾಕಿ. ಹೆಚ್ಚಿನ ಗಾಡಿಗಳಲ್ಲಿ ಒಳರೇಸ್‌ನ (ಶಾಫ್ಟ್ ಮೇಲೆ ಕೂರುವ ಒಳಬಳೆ) ಮುಖಕ್ಕೆ ಹಿತ್ತಾಳೆ ಡ್ರಿಫ್ಟ್ (ಏಟು ದಾಟಿಸುವ ಸರಳು) ಇಟ್ಟು ನೇರಕ್ಕೆ ಒಂದು ಗಟ್ಟಿ ಏಟು ಕೊಟ್ಟರೆ ಜಾಯಿಂಟ್ ಹಾರಿಬರುತ್ತದೆ. ಕೆಲವುದರಲ್ಲಿ ಬಾಯಗಲಿಸುವ ಸರ್ಕ್ಲಿಪ್ ಇರುತ್ತದೆ. ಏಟು ಹಾಕುವ ಮುನ್ನ ಟಾರ್ಚ್ ಹಿಡಿದು ನೋಡಿ. ಗ್ರೀಸ್ ಒರೆಸಿ, ಹೊರರೇಸ್ (ಹೊರಗಿನ ಬಟ್ಟಲು), ಕೇಜ್ (ಗುಂಡುಗಳನ್ನು ಕಿಟಕಿಗಳಲ್ಲಿ ಹಿಡಿದಿಡುವ ಬಳೆ), ಒಳರೇಸ್ ಮೂರಕ್ಕೂ ಒಂದೇ ಸಾಲಿನಲ್ಲಿ ಬಣ್ಣದ ಗುರುತು ಹಾಕಿ. ಕೇಜನ್ನು ಒಂದು ಕಡೆ ಪೂರ್ತಿ ವಾಲಿಸಿದರೆ ಎದುರು ಬದಿಯ ಗುಂಡು ಕಿಟಕಿಯಿಂದ ಹೊರಬರುತ್ತದೆ. ಹೀಗೆ ಆರೂ ಗುಂಡುಗಳನ್ನು ತೆಗೆದು, ಯಾವ ಗುಂಡು ಯಾವ ಗ್ರೂವ್‌ನದು ಎಂದು ಮೊಟ್ಟೆಯ ಟ್ರೇನಲ್ಲಿ ಕ್ರಮವಾಗಿ ಇಡಿ. ಕೇಜನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸಿದರೆ ಅದರ ಉದ್ದ ಕಿಟಕಿಗಳು ಹೊರರೇಸ್‌ನ ಏಣುಗಳಿಗೆ ಸರಿಹೊಂದಿ ಮೇಲೆ ಬರುತ್ತದೆ. ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಉಳಿದ ಡೀಸೆಲ್ ಹೊಸ ಗ್ರೀಸನ್ನು ತೆಳುವಾಗಿಸುತ್ತದೆ.

ತೀರ್ಪು ಉಗುರಿನದು. ಗ್ರೂವ್‌ನ ಗೋಡೆಯಲ್ಲಿ ಗುಂಡು ಓಡಿದ ಹೊಳಪಿನ ಪಟ್ಟಿ ಇರುವುದು ಸಹಜ. ಉಗುರು ಸಿಕ್ಕಿಕೊಳ್ಳುವ ತಗ್ಗು, ಎದ್ದ ಚಕ್ಕೆ, ನೀಲಿ ಕಟ್ಟಿದ ಗುರುತು ಕಂಡರೆ ಜಾಯಿಂಟ್ ಗುಜರಿಗೆ. ಕೇಜ್‌ನ ಕಿಟಕಿಯಲ್ಲಿ ಗುಂಡು ಸ್ವಲ್ಪ ಬಿಗಿಯಾಗಿಯೇ ಕೂರಬೇಕು. ಗಡಗಡ ಅಲುಗಿದರೆ ಸದ್ದು ಅಲ್ಲಿಂದಲೂ ಬರುತ್ತದೆ. ಕಿಟಕಿಯ ಮೂಲೆಗಳಲ್ಲಿ ಸೀಳು ಇದೆಯೇ ನೋಡಿ.

ಸಣ್ಣ ಸವೆತಕ್ಕೆ ಒಂದು ಹಳೆ ಉಪಾಯವಿದೆ. ಮುಂದಕ್ಕೆ ಓಡುವಾಗ ಗುಂಡು ಗ್ರೂವ್‌ನ ಒಂದೇ ಗೋಡೆಗೆ ಒತ್ತುತ್ತದೆ, ಎದುರಿನ ಗೋಡೆ ಹೊಸದರಂತೆ ಉಳಿದಿರುತ್ತದೆ. ಎರಡೂ ಬದಿಯ ಹೊರ ಜಾಯಿಂಟ್ ಮತ್ತು ಸ್ಪ್ಲೈನ್ ಒಂದೇ ಅಳತೆಯದ್ದಾದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ಆ ಉಳಿದ ಗೋಡೆ ಕೆಲಸಕ್ಕೆ ಬರುತ್ತದೆ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಬೇಕಾದ್ದನ್ನು ತಿರುವಿ ಕೊಡುವ ಲೇಥ್‌ಗಳಿವೆ, ಹಿತ್ತಾಳೆ ಡ್ರಿಫ್ಟ್, ಪ್ರೆಸ್ ಕಾಲರ್ ಧಾರಾಳವಾಗಿ ಮಾಡಿಸಿಕೊಳ್ಳಿ. ಗ್ರೂವ್‌ಗೆ ವೆಲ್ಡಿಂಗ್ ತುಂಬಿಸಿ ತಿಕ್ಕಿಸೋಣ ಅಂದರೆ ಮಾತ್ರ ಒಪ್ಪಬೇಡಿ. ಅದು ಮೇಲ್ಮೈ ಗಟ್ಟಿ ಮಾಡಿದ ಉಕ್ಕು; ವೆಲ್ಡಿಂಗ್ ಕಾವಿಗೆ ಆ ಗಟ್ಟಿತನ ಹೋಗುತ್ತದೆ.

ಜೋಡಿಸುವಾಗ ಒಳರೇಸ್ ಮತ್ತು ಕೇಜ್‌ನ ಮುಖ ತಿರುವುಮುರುವಾದರೆ ಜಾಯಿಂಟ್ ಬಾಗುವುದೇ ಇಲ್ಲ, ಗುರುತು ಹಾಕಿದ್ದು ಅದಕ್ಕೇ. ಹೊರ ಜಾಯಿಂಟ್‌ಗೆ ಮಾಲಿಬ್ಡಿನಂ ಡೈಸಲ್ಫೈಡ್ ಇರುವ ಕಪ್ಪು ಸಿವಿ ಗ್ರೀಸೇ ಬೇಕು, ಬೇರಿಂಗ್ ಗ್ರೀಸ್ ಆಗದು. ಒಳ ಟ್ರೈಪಾಡ್‌ಗೆ ಕಿಟ್‌ನಲ್ಲಿ ಬೇರೆ ಪ್ಯಾಕೆಟ್ ಕೊಟ್ಟಿದ್ದರೆ ಅದಲುಬದಲು ಮಾಡಬೇಡಿ. ಒಂದು ಜಾಯಿಂಟ್‌ಗೆ ಸಾಮಾನ್ಯವಾಗಿ 80ರಿಂದ 120 ಗ್ರಾಂ ಹಿಡಿಯುತ್ತದೆ. ಹೆಚ್ಚಿನ ಪಾಲನ್ನು ಗುಂಡುಗಳ ನಡುವೆ ಹೆಬ್ಬೆರಳಿನಿಂದ ಒತ್ತಿ ತುಂಬಿ, ಉಳಿದದ್ದನ್ನು ಬೂಟ್‌ಗೆ ಹಾಕಿ. ಜಾಯಿಂಟ್ ಬಡಿದು ಕೂರಿಸುವ ಮುನ್ನ ಬೂಟ್ ಮತ್ತು ಸಣ್ಣ ಕ್ಲಾಂಪ್ ಶಾಫ್ಟ್‌ಗೆ ಏರಿವೆಯೇ ನೋಡಿ. ಇದನ್ನು ಮರೆತು ಮತ್ತೆ ಬಿಚ್ಚುವವರು ಬಹಳ. ಸರ್ಕ್ಲಿಪ್ ಹೊಸದೇ ಇರಲಿ. ಒಳ ಬೂಟ್‌ನ ಕೊನೆಯ ಕ್ಲಾಂಪ್ ಬಿಗಿಯುವ ಮೊದಲು ಶಾಫ್ಟನ್ನು ಸರಿಯಾದ ಉದ್ದಕ್ಕೆ ಹಿಡಿದು, ಬೂಟ್‌ನ ಅಂಚಿಗೆ ಮೊಂಡ ಸ್ಕ್ರೂಡ್ರೈವರ್ ತೂರಿಸಿ ಗಾಳಿ ಬಿಡಿ. ಇಲ್ಲದಿದ್ದರೆ ಬೂಟ್ ಉಬ್ಬಿಯೋ ಒಳಕ್ಕೆ ಹೀರಿಕೊಂಡೋ ಬೇಗ ಹರಿಯುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ, ಅಂಟಿಸುವ ಸೀಳು ಬೂಟ್ ಎರಡೂ ಊರು ಮುಟ್ಟುವ ತನಕದ ಏರ್ಪಾಡು.

ಗೇರ್‌ಬಾಕ್ಸ್‌ನ ಆಯಿಲ್ ಸೀಲ್ ಈಗಲೇ ಬದಲಿಸಿ. ಸ್ಪ್ಲೈನ್ ತಾಗಿ ಅದರ ತುಟಿ ಹರಿಯದಂತೆ ಶಾಫ್ಟನ್ನು ನೇರವಾಗಿ ತಳ್ಳಿ. ಕ್ಲಿಪ್ ಟಕ್ ಎಂದು ಕೂತ ಮೇಲೆ ಕಪ್ ಹಿಡಿದು ಎಳೆದು ನೋಡಿ. ಎಣ್ಣೆ ತುಂಬಿಸುವಾಗ ಗಾಡಿಯ ಪುಸ್ತಕ ನೋಡಿ. ಎಲ್ಲಕ್ಕೂ 80ಡಬ್ಲ್ಯೂ-90 ಸುರಿಯುವ ರೂಢಿ ಹೋಂಡಾ ಗೇರ್‌ಬಾಕ್ಸ್‌ಗೆ ಒಗ್ಗದು. ಹಬ್ ನಟ್ ಹೊಸದು ಹಾಕಿ, ಚಕ್ರ ನೆಲಕ್ಕೆ ಇಳಿಸಿ, ಪುಸ್ತಕದ ಟಾರ್ಕ್‌ಗೆ ಬಿಗಿಯಿರಿ. ಈ ಗಾತ್ರದ ಗಾಡಿಗಳಲ್ಲಿ ಅದು ಹೆಚ್ಚಾಗಿ 180 ನ್ಯೂಟನ್ ಮೀಟರ್ ಆಸುಪಾಸು ಅಥವಾ ಮೇಲೆ. ನಟ್ ಬಿಗಿಯದೆ ಗಾಡಿಯನ್ನು ಗ್ಯಾರೇಜ್‌ನೊಳಗೂ ತಳ್ಳಬೇಡಿ: ವೀಲ್ ಬೇರಿಂಗ್‌ನ ಎರಡು ಅರ್ಧಗಳನ್ನು ಒತ್ತಿ ಹಿಡಿಯುವುದು ಅದೇ ನಟ್. ಬಿಗಿದ ಮೇಲೆ ನಟ್‌ನ ತುಟಿ ಬಡಿದು ಶಾಫ್ಟ್‌ನ ಸೀಳಿಗೆ ಇಳಿಸಿ, ನೂರು ಕಿಲೋಮೀಟರ್ ಓಡಿಸಿದ ನಂತರ ಕ್ಲಾಂಪ್‌ಗಳ ಸುತ್ತ ಬೆರಳಾಡಿಸಿ ಗ್ರೀಸ್ ಜಿನುಗಿದೆಯೇ ನೋಡಿ.